ತೌಡಿಗೆ ಮಾರಿದ ಮಗು

ಮಗುವಿನ ಮನೆಗೆ ವಿಚಾರಣೆಗೆ ಹೋದಾಗ ಚಪ್ಪಲಿ ಎಲ್ಲಿ ಬಿಡಬೇಕು ಎಂಬುದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಹೊರಗೆ ಬಿಡಬೇಕು, ಅಷ್ಟೇ. ಆದರೆ ಕೈಯಲ್ಲಿ ಫೈಲು, ಹಿಂದೆ ಜೀಪು ಇದ್ದರೆ ಆ ಸಣ್ಣ ಮಾತು ಮರೆತುಹೋಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರಿಬ್ಬರು ಈಚೆಗೆ ಮಡಿಕೇರಿಯ ನಮ್ಮ ಮನೆಗೆ ಬಂದು, ನಿಮ್ಮ ಅನುಭವ ಬರೆದುಕೊಡಿ ಮೇಡಂ ಎಂದು ಕುಳಿತರು. ಅವರ ಚಪ್ಪಲಿ ನಮ್ಮ ಜಗಲಿಯ ಕೆಳಗೇ ಇತ್ತು. ಅದನ್ನು ನೋಡಿದ ಮೇಲೆಯೇ ನಾನು ಬರೆಯಲು ಒಪ್ಪಿದ್ದು.

ನನ್ನ ಕೆಲಸ ಇಷ್ಟು. ಇಂಥ ಮನೆಯಲ್ಲಿ ಮಗುವಿಗೆ ತೊಂದರೆಯಿದೆ ಎಂದು ದೂರು ಬಂದರೆ ಆ ಮನೆಗೆ ಹೋಗುವುದು, ನೋಡುವುದು, ಕೇಳುವುದು, ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಕೊಡುವುದು. ನಮ್ಮ ತಂದೆ ದೇವಸ್ಥಾನದ ಅರ್ಚಕರು. ಮಗಳು ಕಂಡವರ ಅಡುಗೆಮನೆ ಇಣುಕುವ ನೌಕರಿ ಹಿಡಿದಳಲ್ಲ ಎಂದು ಅವರಿಗೆ ಕಸಿವಿಸಿ. ಸಂಜೆ ಬಂದರೆ ಸ್ನಾನ ಮಾಡಿಯೇ ಒಳಗೆ ಬಾ ಎನ್ನುತ್ತಿದ್ದರು. ನಾನು ಎದುರು ಮಾತಾಡುತ್ತಿರಲಿಲ್ಲ. ಕೆಲವು ಮನೆಗಳನ್ನು ನೋಡಿ ಬಂದ ಮೇಲೆ ನನಗೇ ಬಿಸಿನೀರು ಬೇಕಾಗುತ್ತಿತ್ತು.

ನನಗೆ ಕೆಲಸ ಕಲಿಸಿದವರು ಸುಬ್ಬಯ್ಯ ಸಾರ್. ಮಿಲಿಟರಿಯಲ್ಲಿದ್ದು ಬಂದ ಕೊಡವರು, ಮೀಸೆಯಷ್ಟೇ ಗಟ್ಟಿ ಮನುಷ್ಯ. ಕನ್ನಡ ಅವರ ಮನೆಮಾತಲ್ಲದ್ದರಿಂದಲೋ ಏನೋ, ನಾವು ಗಮನಿಸದ್ದನ್ನು ಅವರು ಗಮನಿಸಿದ್ದರು. ಒಮ್ಮೆ ನಾನು ಉದ್ದುದ್ದ ವರದಿ ಬರೆದು ಮುಂದಿಟ್ಟಾಗ ಅದನ್ನು ಮಡಚಿ ಪಕ್ಕಕ್ಕಿಟ್ಟು, "ಕನ್ನಡದಲ್ಲಿ ಕೇಳು ಅಂದ್ರೆ ಎರಡು ಅರ್ಥ ಉಂಟಲ್ಲ ಮಾರಾಯ್ತಿ. ನೀನು ಒಂದನ್ನು ಮಾತ್ರ ಮಾಡಿ ಬಂದದ್ದು" ಎಂದರು. ಪ್ರಶ್ನೆ ಹಾಕಿ ಬಂದಿದ್ದೀಯ, ಕಿವಿ ಕೊಟ್ಟು ಬಂದಿಲ್ಲ ಎಂಬುದು ಅದರ ತಾತ್ಪರ್ಯ. ಮತ್ತೆ ಅದೇ ಬಸ್ಸು ಹತ್ತಿ ಅದೇ ಮನೆಗೆ ಹೋಗಿ ಬಂದೆ.

ಅವರದು ಇನ್ನೊಂದು ಕಟ್ಟುನಿಟ್ಟು. ಹೊಸಿಲು ದಾಟುವ ಮೊದಲೇ ಅಪ್ಪ ಅಮ್ಮನಿಗೆ ಎಲ್ಲವನ್ನೂ ಹೇಳಿಬಿಡಬೇಕು. ನಾವು ಯಾರು, ದೂರು ಏನು, ನೀವು ಏನೇನು ಮಾಡಬಹುದು. ಅದರ ಬೆಲೆ ನನಗೆ ಬಿಟ್ಟಂಗಾಲ ಎಂಬ ಊರಿನಲ್ಲಿ ಗೊತ್ತಾಯಿತು. ದಾರಿ ತಪ್ಪಿ ಪಕ್ಕದ ತೋಟದ ಮನೆಗೆ ಹೋಗಿದ್ದೆ. ಯಾರು ಏನು ಎನ್ನದೆ, ಮಗುವನ್ನು ನೋಡಬೇಕು ಎಂದೆ. ಆ ಮನೆಯ ಅಜ್ಜಿ ಮೊಮ್ಮಗನನ್ನು ಎತ್ತಿ ತಂದು, ನನ್ನ ಮುಂದೆ ಅವನ ಬಾಯಿ ತೆರೆಸಿ ಹಿಡಿದರು. ಪೋಲಿಯೋ ಹನಿ ಹಾಕುವವಳು ಎಂದುಕೊಂಡಿದ್ದರು. ಅಜ್ಜಿ ಕೊಟ್ಟ ಕಾಫಿ ಕುಡಿದು ಬಂದೆ. ಕಚೇರಿಯಲ್ಲಿ ಈ ಕಥೆ ನಾನು ನಿವೃತ್ತಳಾಗುವವರೆಗೆ ಓಡಾಡಿತು. ನನ್ನನ್ನು ಕಂಡರೆ ಬಾಯಿ ತೆರೆದು ತೋರಿಸುವ ಸಹೋದ್ಯೋಗಿಗಳೂ ಇದ್ದರು.

ಬಾಳೆಲೆ ಕಡೆಯ ಒಂದು ಎಸ್ಟೇಟಿನಲ್ಲಿ ಕೂಲಿಯವರ ಲೈನ್‌ಮನೆಗೆ ಸುಬ್ಬಯ್ಯ ಸಾರ್ ಜೊತೆಗೇ ಹೋಗಿದ್ದೆ. ಕಾಫಿ ಪಿಕಿಂಗಿಗೆಂದು ಅಸ್ಸಾಮಿನಿಂದ ಬಂದ ಗಂಡ ಹೆಂಡತಿ, ಎರಡು ವರ್ಷದ ಮಗುವನ್ನು ಒಳಗೆ ಹಾಕಿ ಬೀಗ ಜಡಿದು ಕೆಲಸಕ್ಕೆ ಹೋಗುತ್ತಾರೆ ಎಂದು ದೂರು. ನಾವು ಕೇಳಿದ ಪ್ರತಿ ಪ್ರಶ್ನೆಗೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರೇ ಉತ್ತರ ಕೊಡುತ್ತಿದ್ದ. ಹೌದಂತೆ ಮೇಡಂ, ತಪ್ಪಾಯ್ತಂತೆ ಮೇಡಂ. ಆ ಗಂಡ ಹೆಂಡತಿ ತುಟಿ ಬಿಚ್ಚಿರಲಿಲ್ಲ. ಸಾರ್ ರೈಟರನ್ನು ಚಹಾ ಕುಡಿದು ಬಾ ಎಂದು ಕಳಿಸಿ, ಅದೇ ಲೈನಿನಲ್ಲಿ ಅವರ ಭಾಷೆಯೂ ಕನ್ನಡವೂ ಬರುತ್ತಿದ್ದ ಒಬ್ಬಾಕೆಯನ್ನು ಪಕ್ಕದಲ್ಲಿ ಕೂರಿಸಿದರು. ಆಗ ತಾಯಿ ಬಾಯಿ ಬಿಟ್ಟಳು. ಲೈನಿನ ಹಿಂದೆ ಹಗಲೇ ಆನೆ ಬರುತ್ತದೆ, ಮಗು ಹೊರಗೆ ಹೋಗದಿರಲಿ ಎಂದು ಬೀಗ. ಬೀಗ ಹಾಕುವುದು ಸರಿಯಲ್ಲ ಎಂದು ನಾವು ಹೇಳಿದೆವು, ಅವಳು ಒಪ್ಪಿದಳು. ಕೆಲಸದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಎಸ್ಟೇಟಿನವರು ಒಂದು ಕೋಣೆ ತೆರೆದರು. ಮಗು ತಾಯಿಯ ಹತ್ತಿರವೇ ಉಳಿಯಿತು.

ನಾನು ಸೇರಿದ ಹೊಸತರಲ್ಲಿ ಮೊದಲು ಮಗುವನ್ನು ಜೀಪಿಗೆ ಹತ್ತಿಸಿ ಆಮೇಲೆ ವಿಚಾರ ಮಾಡುವುದೇ ಹೆಚ್ಚು. ಈಗಿನ ಕಾನೂನು ಹಾಗೆ ಹೇಳುವುದಿಲ್ಲ. ಮಗುವನ್ನು ಮನೆಯಿಂದ ತೆಗೆಯುವುದು ಬೇರೆ ದಾರಿಯೇ ಇಲ್ಲದಾಗ. ತೆಗೆದರೂ ಒಂದು ದಿನದೊಳಗೆ ಸಮಿತಿಯ ಮುಂದೆ ತರಬೇಕು. ತಂದೆತಾಯಿಗೆ ಕಾರಣ ಹೇಳಬೇಕು. ದೂರು ಕೊಟ್ಟವರ ಹೆಸರು ಹೇಳುವ ಹಾಗಿಲ್ಲ, ಆದರೆ ದೂರೇನು ಎಂಬುದನ್ನು ಮುಚ್ಚಿಡುವ ಹಾಗೂ ಇಲ್ಲ. ಅವರಿಗೆ ತಿಳಿಯುವ ಭಾಷೆಯಲ್ಲಿ ಮಾತಾಡಬೇಕು. ಓದಿ ಹೇಳದ ಕಾಗದಕ್ಕೆ ಸಹಿ ಹಾಕೆಂದು ಯಾರೂ ಒತ್ತಾಯಿಸುವಂತಿಲ್ಲ. ವಕೀಲರನ್ನು ಇಟ್ಟುಕೊಳ್ಳಬಹುದು, ತಾಯಿಗಾದರೆ ಸರಕಾರವೇ ಬಿಟ್ಟಿಯಾಗಿ ವಕೀಲರನ್ನು ಕೊಡುತ್ತದೆ. ಮಗುವನ್ನು ಹೋಗಿ ನೋಡಲು ಸಮಿತಿಯನ್ನು ಕೇಳಬಹುದು. ಆದೇಶದ ಪ್ರತಿ ಪಡೆಯಬಹುದು, ಒಪ್ಪಿಗೆಯಾಗದಿದ್ದರೆ ಮೇಲಕ್ಕೆ ಹೋಗಬಹುದು. ಇದನ್ನೆಲ್ಲ ಹೇಳಿಕೊಟ್ಟರೆ ಕೆಟ್ಟ ಅಪ್ಪ ಅಮ್ಮ ತಪ್ಪಿಸಿಕೊಳ್ಳುತ್ತಾರಲ್ಲ ಎಂದು ನಮ್ಮವರೇ ಗೊಣಗುವುದುಂಟು. ಮಗುವನ್ನು ಹಿಂಸಿಸಿದವರನ್ನು ನಾನು ಕಂಡಿದ್ದೇನೆ, ಅವರ ಕೈಯಿಂದ ಮಗುವನ್ನು ಬಿಡಿಸಿಕೊಂಡೂ ಬಂದಿದ್ದೇನೆ. ಅಂಥವರ ಮುಂದೆಯೂ ಈ ಮಾತುಗಳನ್ನು ಹೇಳಿಯೇ ಬಂದದ್ದು.

ಇಷ್ಟೆಲ್ಲ ಹಕ್ಕುಗಳಿದ್ದೂ, ವಕೀಲರಿದ್ದೂ, ನನ್ನ ಮಗು ಎಂಬ ಒಂದು ಮಾತನ್ನು ಹೇಳಲಾಗದೆ ಕುಳಿತ ತಾಯಿಯೊಬ್ಬಳಿದ್ದಳು. ಬರೆದುಕೊಡಿ ಎಂದ ಆ ಹುಡುಗಿಯರಿಗೆ ನಾನು ಹೇಳಬೇಕೆಂದಿದ್ದುದು ಮುಖ್ಯವಾಗಿ ಅವಳ ವಿಷಯವನ್ನೇ.

ಅವಳ ಹೆಸರು ಜಯಮ್ಮ ಎಂದಿಟ್ಟುಕೊಳ್ಳಿ. ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ರೈತರ ಮನೆ. ಗಂಡ ಸ್ವಾಮಿ ಗುತ್ತಿಗೆ ಜಮೀನಿನಲ್ಲಿ ಶುಂಠಿ ಬೆಳೆಯುತ್ತಿದ್ದ. ಅತ್ತೆ ನಿಂಗಮ್ಮ ಜೊತೆಗಿದ್ದಳು. ಮನೆಯಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗ. ಅವನನ್ನು ನರ್ಸರಿಗೆ ಸೇರಿಸಲು ಜಯಮ್ಮ ಹೋದಾಗ ಅಲ್ಲಿನ ಟೀಚರು, ನಾಪೋಕ್ಲು ಕಡೆಯ ಹೊಸ ಹುಡುಗಿ, ತಾಯಿ ನೀವೇನಾ ಎಂದು ಕೇಳಿದಳು. ಅಲ್ಲ, ಇವನನ್ನು ಮಾರಿಬಿಟ್ಟಿದ್ದೇನೆ ಎಂದಳು ಜಯಮ್ಮ. ಯಾರಿಗೆ? ಪಕ್ಕದ ಮನೆ ಶಮೀಮಕ್ಕನಿಗೆ. ಟೀಚರು ಹುಡುಗನನ್ನು ಪಕ್ಕಕ್ಕೆ ಕರೆದು ನಿನ್ನ ಅಮ್ಮ ಯಾರು ಎಂದಳು. ಅವನು ಶಮೀಮಾಳನ್ನು ಅಮ್ಮಿ ಎನ್ನುತ್ತಿದ್ದ, ಜಯಮ್ಮನನ್ನು ಊರಿನವರೆಲ್ಲರಂತೆ ಜಯಕ್ಕ ಎನ್ನುತ್ತಿದ್ದ. ಹಾಗೆಯೇ ಹೇಳಿದ. ಟೀಚರು ಮಕ್ಕಳ ಸಹಾಯವಾಣಿಗೆ ಫೋನು ಮಾಡಿದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಮಗುವನ್ನು ಮಾರುವುದು, ಕೊಳ್ಳುವುದು ಎರಡೂ ಜೈಲಿಗೆ ಹೋಗುವ ಅಪರಾಧ. ಪೊಲೀಸರು ಬಂದರು. ಮಾರಿದ್ದು ನಿಜವಾ ಎಂದರೆ ಜಯಮ್ಮ ಹೂಂ ಎಂದಳು. ಕೊಂಡದ್ದು ನಿಜವಾ ಎಂದರೆ ಶಮೀಮಾ ಹೌದು ಎಂದಳು. ಎಷ್ಟಕ್ಕೆ ಎಂದರೆ ಒಂದು ಮೊರ ತೌಡಿಗೆ ಎಂದಳು. ತಮ್ಮನ್ನು ಗೇಲಿ ಮಾಡುತ್ತಿದ್ದಾರೆ ಎಂದು ಅವರಿಗೆ ಸಿಟ್ಟು ಬಂತು. ಹುಡುಗನನ್ನು ಸಮಿತಿಯ ಮುಂದೆ ತಂದರು. ವಿಚಾರಣೆ ಮುಗಿಯುವವರೆಗೆ ಶಿಶುಗೃಹದಲ್ಲಿರಲಿ ಎಂದಾಯಿತು. ಅಲ್ಲಿ ಅವನನ್ನು ದಾಖಲೆಯ ಹೆಸರು ಹಿಡಿದು ಚೇತನ್ ಎಂದು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲವಂತೆ. ಅನ್ನ ಸರಿಯಾಗಿ ತಿನ್ನುತ್ತಿರಲಿಲ್ಲ.

ಮೊದಲ ಸಲ ಸಮಿತಿಯ ಮುಂದೆ ಜಯಮ್ಮ ನಿಂತಾಗ ನಾನೂ ಇದ್ದೆ. ಅಧ್ಯಕ್ಷೆ ಮೆಲುದನಿಯ ಹೆಂಗಸು, ಯಾರನ್ನೂ ನಿಲ್ಲಿಸಿ ಮಾತಾಡಿಸಿದವರಲ್ಲ. ಕೂತ್ಕೊಳಮ್ಮ ಎಂದು, ಈ ಮಗು ಯಾರದು ಎಂದು ಕೇಳಿದರು.

"ಶಮೀಮಕ್ಕಂದು."

"ಹೆತ್ತದ್ದು ನೀನಲ್ಲವಾ?"

"ಹೆತ್ತೋಳು ನಾನೇ. ಮಾರಿವ್ನಿ."

ಗಂಡ ಸ್ವಾಮಿ ತಲೆ ಬಗ್ಗಿಸಿಕೊಂಡೇ ಇದ್ದ. ಸರಕಾರ ಕೊಟ್ಟ ವಕೀಲೆ ಕಾವ್ಯಾಗೆ ಅದು ಮೊದಮೊದಲ ಕೇಸು. ವಿಚಾರಣೆಯನ್ನು ಇನ್ನೊಂದು ದಿನಕ್ಕೆ ಹಾಕಿ ಎಂದು ಕೇಳಿಕೊಂಡಳು. ಅಧ್ಯಕ್ಷೆ ನನ್ನ ಕಡೆ ತಿರುಗಿ, ಹೋಗಿ ಪೂರ್ತಿ ಕೇಳಿಕೊಂಡು ಬನ್ನಿ ಎಂದರು. ಸುಬ್ಬಯ್ಯ ಸಾರ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಆದರೆ ಕೇಳು ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಅವರ ಮೀಸೆ ಕಾಣುತ್ತಿತ್ತು.

ಜಯಮ್ಮನ ಮನೆಯಲ್ಲಿ ಮಾತಾಡಿದವಳು ಅತ್ತೆ ನಿಂಗಮ್ಮ. ಮಾರಿದ್ದು ಯಾಕೆ ಎಂದು ನಾನು ಕೇಳಲಿಲ್ಲ, ಮಾರುವುದು ಎಂದರೆ ಏನು ಎಂದು ಕೇಳಿದೆ. ಅವಳು ಎಲೆ ಅಡಿಕೆ ಪಕ್ಕಕ್ಕಿಟ್ಟು ನಿಧಾನವಾಗಿ ಹೇಳಿದಳು. ಜಯಮ್ಮನಿಗೆ ಮೊದಲು ಎರಡು ಮಕ್ಕಳು ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡಿದ್ದವು. ಮೂರನೆಯದು ಹುಟ್ಟಿದ ಕೂಡಲೇ ನಿಂಗಮ್ಮ ತಮ್ಮ ಕಡೆಯ ಪದ್ಧತಿಯಂತೆ ಅದನ್ನು ಮಾರಿದಳು. ಸಾವಿನ ಕಣ್ಣಿಗೆ ಇದು ಈ ಮನೆಯ ಮಗು ಎಂದು ಕಾಣಬಾರದು. ಬೇರೆ ಜಾತಿಯವರಿಗೆ ಮಾರಿದರೆ ಇನ್ನೂ ಒಳ್ಳೆಯದು. ಪಕ್ಕದ ಮನೆಯ ಶಮೀಮಾ, ಬಟ್ಟೆ ಹೊಲಿಯುವವಳು, ಮದುವೆಯಾಗಿ ಬಂದಾಗಿನಿಂದ ಜಯಮ್ಮನಿಗೆ ಅಕ್ಕನಂತೆ ಇದ್ದವಳು, ಒಂದು ಮೊರ ತೌಡು ಕೊಟ್ಟು ಮಗುವನ್ನು ಸೆರಗಿನಲ್ಲಿ ಈಸಿಕೊಂಡಳು. ಹೊಸಿಲು ದಾಟಿಸಿ ತನ್ನ ಮನೆಗೆ ಒಯ್ದು, ಸ್ವಲ್ಪ ಹೊತ್ತಿಗೆ, ನನ್ನ ಮಗುವಿಗೆ ಹಾಲು ಕೊಡು ಎಂದು ಜಯಮ್ಮನ ಮಡಿಲಿಗೆ ಹಾಕಿದಳು. ಅಂದಿನಿಂದ ಮಗು ಉಂಡದ್ದು, ಮಲಗಿದ್ದು ಎಲ್ಲ ಹೆತ್ತ ಮನೆಯಲ್ಲಿ. ಲೆಕ್ಕಕ್ಕೆ ಮಾತ್ರ ಶಮೀಮಾಳದು. ಕರೆಯುವ ಹೆಸರು ತೌಡ. ಐದು ತುಂಬಿ ಮನೆದೇವರಿಗೆ ಮುಡಿ ಕೊಡುವವರೆಗೆ ಹೆತ್ತವರು ಅದನ್ನು ನನ್ನದು ಎನ್ನುವಂತಿಲ್ಲ. ದಾರಿಯಲ್ಲಿ ಹೋಗುವ ಹುಡುಗರನ್ನೆಲ್ಲ ಮಗಾ ಎಂದು ಕರೆಯುವ ಊರಿನವಳು ಜಯಮ್ಮ. ಇವನೊಬ್ಬನನ್ನು ಮಾತ್ರ ಹಾಗೆ ಕರೆದಿರಲಿಲ್ಲ.

ನಾನು ಕಂಡದ್ದು ಕೇಳಿದ್ದು ಎಲ್ಲವನ್ನೂ ಬರೆದುಕೊಟ್ಟೆ. ಅಧ್ಯಕ್ಷೆ ಓದಿ, "ನಿಮ್ಮ ವರದಿಯನ್ನು ನಂಬುತ್ತೇನೆ. ಆದರೆ ನನ್ನದಲ್ಲ ಅನ್ನುವವರ ಕೈಗೆ ಮಗುವನ್ನು ಹೇಗೆ ಕೊಡಲಿ?" ಎಂದರು. ಅವರ ಮಾತು ನ್ಯಾಯವಾಗಿತ್ತು. ತಾಯಿ ತಾನೇ ಬಾಯಿಬಿಟ್ಟು ಹೇಳಬೇಕು. ಯಾರೂ ನನ್ನದು ಎನ್ನದ ಮಗುವನ್ನು ಕಾನೂನು ಕೊನೆಗೆ ದತ್ತು ಕೊಡುವ ದಾರಿಗೆ ಹಚ್ಚುತ್ತದೆ. ಆಮೇಲೆ ಅವನು ಯಾವ ಊರಿನ ಯಾವ ಮನೆ ಸೇರುತ್ತಾನೋ ಜಯಮ್ಮನಿಗೆ ತಿಳಿಯುವುದೂ ಇಲ್ಲ.

ಇದನ್ನು ಕಾವ್ಯಾ ಬಿಡಿಸಿ ಹೇಳಿದಳು. ಒಂದು ಮಾತು ಅಕ್ಕ, ನನ್ನ ಮಗ ಅನ್ನಿ ಸಾಕು, ಇದೆಲ್ಲ ಮೂಢನಂಬಿಕೆ ಎಂದಳು. ಜಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಮುಖ ಎತ್ತಲಿಲ್ಲ.

"ಎಲ್ಲೋ ಒಂದ್ಕಡೆ ಬದುಕಿರ್ಲಿ ಬುಡಿ ಮೇಡಂ. ಎರಡ್ನ ಮಣ್ಣಿಗೆ ಹಾಕಿವ್ನಿ. ಮೂರ್ನೇದ್ನ ನನ್ ಬಾಯಿಂದ ಕಳ್ಕೊಳ್ಳಾಕಿಲ್ಲ."

ಕಾವ್ಯಾ ಹೊರಗೆ ಬಂದು ಅತ್ತಳು. ಮೂಢನಂಬಿಕೆ ಎಂಬ ಮಾತನ್ನು ನಾನೂ ಭಾಷಣಗಳಲ್ಲಿ ಬಳಸಿದವಳೇ. ಆದರೆ ಆ ಹೆಂಗಸಿನ ಎದುರು ಅದನ್ನು ಎತ್ತಲು ನನಗೆ ಮನಸ್ಸಾಗಲಿಲ್ಲ. ಮಗು ಕೈಬಿಟ್ಟು ಹೋದರೂ ಸರಿ, ಜೀವ ಇರಲಿ ಎನ್ನುವ ತಾಯಿಗೆ ನಾನು ಯಾವ ತಿಳಿವಳಿಕೆ ಕೊಡಲಿ?

ಐದು ತುಂಬುವ ಮುಂಚೆ ಮರಳಿ ಕೊಳ್ಳಲು ಬರುತ್ತದೆಯೇ ಎಂದು ನಿಂಗಮ್ಮನನ್ನು ಕೇಳಿದೆ. ಬರುತ್ತದೆ ಎಂದಳು. ತೌಡು ಹಿಂದಿರುಗಿಸಿ ಮಗುವನ್ನು ತೆಗೆದುಕೊಂಡರಾಯಿತು. ಆದರೆ ಕೊಂಡವರು ತಾವಾಗಿಯೇ ಕೊಡಬೇಕು. ಹೆತ್ತವರು ಕೇಳಬಾರದು, ಹೆತ್ತವರ ಪರವಾಗಿ ಇನ್ನೊಬ್ಬರೂ ಕೇಳಬಾರದು. ಕೇಳಿ ತಂದ ಮಗು ಉಳಿಯುವುದಿಲ್ಲ.

ನಾನು ಅಲ್ಲಿಂದ ಶಮೀಮಾಳ ಮನೆಗೆ ಹೋಗಬೇಕಿತ್ತು. ಅದೂ ನನ್ನ ಕೆಲಸವೇ. ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಳು, ಪಕ್ಕದಲ್ಲಿ ಅವಳ ತಮ್ಮ. ಅಕ್ಕ ಎಲ್ಲಿಗೂ ಬರುವುದಿಲ್ಲ, ಅಲ್ಲಿ ಬಂದು ಕೊಂಡೆ ಅಂದರೆ ಒಳಗೆ ಹಾಕುತ್ತಾರೆ ಎಂದ. ಅವನ ಭಯ ಸುಳ್ಳೇನಲ್ಲ. ನಾನು ಎಲ್ಲರಿಗೂ ಹೇಳುವಂತೆಯೇ ಅವಳಿಗೂ ಹೇಳಿದೆ. ವಿಚಾರಣೆ ಇಂಥ ದಿನ ಇದೆ. ನೀವು ವಕೀಲರನ್ನು ಕೇಳಿ ಆಮೇಲೆ ಬರಬಹುದು. ನಿಮಗೆ ತೊಂದರೆ ತರುವ ಮಾತನ್ನು ಆಡಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲ. ನೀನು ಬಂದು ಕೊಟ್ಟುಬಿಡು ಶಮೀಮಕ್ಕ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಆಡಿದ್ದರೆ ಜಯಮ್ಮನ ಮಟ್ಟಿಗೆ ಎಲ್ಲ ಮುಗಿಯುತ್ತಿತ್ತು, ಹೀಗಾಗಿ ನುಂಗಿಕೊಂಡೆ. ಅವಳು ಕೇಳಿದ್ದು ಒಂದೇ.

"ಬಚ್ಚಾ ಊಟ ಮಾಡ್ತದಾ ಮೇಡಂ?"

ಅಷ್ಟಾಗಿ ಇಲ್ಲ ಎಂದೆ. ಅವಳು ಮತ್ತೆ ಯಂತ್ರ ತುಳಿಯತೊಡಗಿದಳು.

ವಿಚಾರಣೆಯ ದಿನ ಜಯಮ್ಮ, ಸ್ವಾಮಿ, ನಿಂಗಮ್ಮ ಬೆಳಗ್ಗೆಯೇ ಬಂದು ಬೆಂಚಿನ ಮೇಲೆ ಕುಳಿತಿದ್ದರು. ಕಾವ್ಯಾ ಹಿಂದಿನ ದಿನವೆಲ್ಲ ಯೋಚಿಸಿ ಒಂದು ನಿರ್ಧಾರ ಮಾಡಿದ್ದಳು. ತಾಯಿಗೆ ಮಾತಾಡಲು ಅಡ್ಡಿಯಿದೆ, ಅವಳ ಮಾತು ಕೇಳುವುದೆಂದರೆ ಆ ಅಡ್ಡಿ ಸರಿಯುವವರೆಗೆ ಕಾಯುವುದೂ ಸೇರುತ್ತದೆ ಎಂದು ಸಮಿತಿಯ ಮುಂದೆ ವಾದಿಸಿದಳು. ಅವಳಿಗೆ ಸುಬ್ಬಯ್ಯ ಸಾರ್ ಯಾರೆಂದೇ ಗೊತ್ತಿರಲಿಲ್ಲ. ಅಧ್ಯಕ್ಷೆ ಆಗಲಿ ಎಂದರು, ಆದರೆ ಎಷ್ಟು ಕಾಲ ಕಾಯುವುದು ಎಂದೂ ಕೇಳಿದರು. ಶಿಶುಗೃಹದವರು ಹುಡುಗನನ್ನು ಕರೆತಂದು ಮೂಲೆಯ ಕುರ್ಚಿಯ ಮೇಲೆ ಕೂರಿಸಿದರು. ಅವನು ಸಣಕಲಾಗಿದ್ದ. ಜಯಮ್ಮ ಅವನತ್ತ ನೋಡಲಿಲ್ಲ, ನೋಡಿದರೆ ತಡೆಯಲಾರೆನೆಂದು ಆಮೇಲೆ ಹೇಳಿದಳು.

ಆಗ ಬಾಗಿಲಲ್ಲಿ ಶಮೀಮಾ ನಿಂತಿದ್ದಳು. ಚಪ್ಪಲಿ ಹೊರಗೆ ಬಿಟ್ಟಿದ್ದಳು. ತಮ್ಮನೂ ಬಂದಿದ್ದ, ಮುಖ ಗಂಟಿಕ್ಕಿಕೊಂಡು ಹಿಂದೆ ನಿಂತ. ಹುಡುಗ ಅಮ್ಮಿ ಎಂದು ಕುರ್ಚಿಯಿಂದ ಜಾರಿ ಓಡಿಹೋಗಿ ಅವಳ ಕಾಲಿಗೆ ತೆಕ್ಕೆಬಿದ್ದ. ಅಧ್ಯಕ್ಷೆ ಕೂಡಲೇ ಅವಳನ್ನು ತಡೆದು, ನೀವು ಮಾತಾಡಬೇಕಾಗಿಲ್ಲ, ವಕೀಲರು ಬೇಕಾದರೆ ಕೊಡಿಸುತ್ತೇವೆ ಎಂದರು. ಅವಳು ಬೇಡವೆಂದು ತಲೆಯಾಡಿಸಿದಳು.

"ಮೇಡಂ ಎಲ್ಲಾ ಹೇಳವ್ರೆ. ನಾನು ಕೊಂಡಿದ್ದು ನಿಜ. ಬಚ್ಚಾ ನಂದು. ಈಗ ನನ್ ಖುಷಿಯಿಂದ ಜಯಾಗೆ ವಾಪಸ್ ಕೊಡ್ತೀನಿ. ಯಾರೂ ಕೇಳಿಲ್ಲ, ನಾನೇ ಕೊಡ್ತೀನಿ."

ಯಾರೂ ಕೇಳಿಲ್ಲ ಎಂಬುದನ್ನು ಅವಳು ಜಯಮ್ಮನ ಮುಖ ನೋಡಿಯೇ ಹೇಳಿದಳು. ಆ ಕಟ್ಟಳೆ ಅವಳಿಗೂ ಗೊತ್ತಿತ್ತು, ಕೊಡು ಎಂಬ ಮಾತು ಬಾಯಿಗೆ ಬಾರದಂತೆ ನಾವೆಲ್ಲ ಕಾದದ್ದೂ ಗೊತ್ತಿದ್ದಿರಬೇಕು. ನಿಂಗಮ್ಮ ಎದ್ದು ಕೈಚೀಲದಿಂದ ಬಟ್ಟೆಯ ಗಂಟು ತೆಗೆದಳು. ತೌಡು. ಮೊದಲ ವಿಚಾರಣೆಯ ದಿನದಿಂದ ಮಡಿಕೇರಿಗೆ ಬರುವಾಗಲೆಲ್ಲ ಅದನ್ನು ಹೊತ್ತು ತಂದು, ಯಾರಿಗೂ ಹೇಳದೆ ಹೊತ್ತು ಒಯ್ಯುತ್ತಿದ್ದಳು. ಮೊರ ಮಾತ್ರ ಇರಲಿಲ್ಲ. ಅಧ್ಯಕ್ಷೆ ಅಟೆಂಡರನ್ನು ಕರೆದು, ಚಹಾದ ಟ್ರೇ ತೊಳೆದು ತಾ ಎಂದರು. ಸಮಿತಿಯ ಇನ್ನೊಬ್ಬ ಸದಸ್ಯರು, ಇದೆಲ್ಲ ಇಲ್ಲಿ ಎಂದು ಏನೋ ಹೇಳಹೊರಟರು. ತಾಯಿಯ ಹೇಳಿಕೆ ಪಡೆಯುತ್ತಿದ್ದೇವೆ ಎಂದರು ಅಧ್ಯಕ್ಷೆ.

ಜಯಮ್ಮ ಟ್ರೇಯಲ್ಲಿ ತೌಡು ಸುರಿದು ಶಮೀಮಾಳ ಮುಂದಿಟ್ಟಳು. ಶಮೀಮಾ ಅದರಲ್ಲಿ ಕೈಯಾಡಿಸಿ ತನ್ನ ಸೆರಗಿಗೆ ಸುರಿದುಕೊಂಡಳು. ತೌಡು ನೆಲದ ಮೇಲೂ ಚೆಲ್ಲಿತು. ಅಧ್ಯಕ್ಷೆ ಅದೇ ಮೆಲುದನಿಯಲ್ಲಿ, ಈ ಮಗು ಯಾರದಮ್ಮ ಎಂದು ಮತ್ತೆ ಕೇಳಿದರು. ಜಯಮ್ಮ ನನ್ನದು ಎಂದಳು. ಗುಮಾಸ್ತ ಬರೆದುಕೊಂಡ. ಆ ಹೇಳಿಕೆಯ ಮೇಲೆ, ನನ್ನ ವರದಿಯ ಮೇಲೆ, ಅಂದೇ ಮನೆಗೆ ಕಳಿಸುವ ಆದೇಶವಾಯಿತು. ಪೊಲೀಸರೂ ಮುಂದೆ ವಿಚಾರಿಸಿ, ಮಾರಾಟವೇ ನಡೆದಿಲ್ಲವೆಂದು ದೂರನ್ನು ಮುಗಿಸಿದರು. ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ, ಗಟ್ಟಿಮುಟ್ಟಾಗಿದ್ದಾನೆ.

ಆ ದಿನ ಆದೇಶ ಓದಿ ಹೇಳಿದ ಮೇಲೆ ಜಯಮ್ಮ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಎರಡೂ ಕೈ ಚಾಚಿದಳು. ಆಮೇಲೆ, "ಮಗಾ, ಬಾ" ಎಂದಳು.

ಹುಡುಗ ಕದಲಲಿಲ್ಲ. ಇನ್ನೊಮ್ಮೆ ಮಗಾ ಎಂದಳು. ಅವನು ತಿರುಗಿ ತನ್ನ ಹಿಂದೆ ನೋಡಿದ, ಅವಳು ಕರೆಯುತ್ತಿರುವ ಹುಡುಗ ಯಾರೆಂದು. ಶಮೀಮಾ ತೌಡಿನ ಸೆರಗನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬಗ್ಗಿ, ಕಾಲಿಗೆ ಸುತ್ತಿದ್ದ ಅವನ ಕೈಗಳನ್ನು ಬಿಡಿಸಿ, ಮುಖವನ್ನು ಜಯಮ್ಮನ ಕಡೆಗೆ ತಿರುಗಿಸಿದಳು.

"ನಿನ್ನೇ ಕರೆಯೋದು, ಹೋಗು."